ಇಪ್ಪತ್ತಮೂರು ಆಕ್ಷೇಪಣೆಗಳು

ಸಿಂಗಾಪುರದ ಪುಂಗೋಲ್‌ನ ಸಮುದಾಯ ಭವನದಲ್ಲಿ ಹೊಸ ವಸತಿ ಯೋಜನೆಯ ಮಾದರಿಯನ್ನು ನೋಡಿದ ದಿನ ದ್ವಾರಕನಾಥನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಹಸಿರು ರಟ್ಟಿನ ಮೇಲೆ ಯಾರೋ ಪುಣ್ಯಾತ್ಮರು ಒಂದು ಬಿಳಿ ಥರ್ಮಾಕೋಲ್ ಕಟ್ಟಡ ಅಂಟಿಸಿದ್ದರು. ಹೊಸದಾಗಿ ಮದುವೆಯಾದವರಿಗೆ ಇಪ್ಪತ್ತೈದು ಮಹಡಿಯ ಫ್ಲ್ಯಾಟುಗಳು ಎಂದು ಪಕ್ಕದಲ್ಲೇ ಬರೆದಿತ್ತು. ಅದು ಅಂಟಿದ್ದ ಜಾಗ ಅವನ ಒಂಬತ್ತನೇ ಮಹಡಿಯ ಬಾಲ್ಕನಿಗೂ ಕಾಲುವೆಗೂ ನಡುವಿನ ತೋಪು.

ಆ ನೋಟ ಅವನ ಪ್ರಾಣ. ಮನೆಗೆ ಯಾರೇ ಬರಲಿ, ಕಾಫಿಗೂ ಮುಂಚೆ ಬಾಲ್ಕನಿಯ ದರ್ಶನ ಆಗಲೇಬೇಕು. ತೋಪು, ಅದರಾಚೆ ಫಳಫಳ ನೀರು, ನೀರಿನ ಮೇಲೆ ಸೇತುವೆ. ಅಲ್ಲಿನ ಕನ್ನಡದ ಮನೆಗಳ ಮಕ್ಕಳೆಲ್ಲ ಅವನನ್ನು ‘ವ್ಯೂ ಅಂಕಲ್’ ಎಂದೇ ಕರೆಯುತ್ತಿದ್ದರು. ಕೆಲಸವನ್ನು ಕಂಪನಿ ಆರಿಸಿತ್ತು, ಹೆಂಡತಿಯನ್ನು ಸೋದರತ್ತೆ ಆರಿಸಿದ್ದಳು. ತಾನೇ ಆರಿಸಿ, ಆರಿಸಿದ್ದು ಸರಿಹೋಗಿದ್ದು ಎಂದರೆ ಅವನ ಪಾಲಿಗೆ ಈ ಬಾಲ್ಕನಿಯೊಂದೇ. ಅದನ್ನು ಥರ್ಮಾಕೋಲಿಗೆ ಬಿಟ್ಟುಕೊಡುವುದೆಂದರೇನು?

ಸಾರ್ವಜನಿಕರು ಮೂರು ವಾರದೊಳಗೆ ಆಕ್ಷೇಪಣೆ ಸಲ್ಲಿಸಬಹುದು, ಹತ್ತಿರದ ನಿವಾಸಿಗಳ ಮಾತಿಗೆ ಹೆಚ್ಚಿನ ತೂಕವಿದೆ ಎಂದು ಪ್ರಕಟಣೆ ಹೇಳುತ್ತಿತ್ತು. ದ್ವಾರಕನಾಥ ತನ್ನ ಹೆಸರಿನಲ್ಲಿ ಪ್ರಾಮಾಣಿಕವಾಗಿ ಒಂದು ಪತ್ರ ಬರೆದ. ಓದಿ ನೋಡಿದರೆ ಒಬ್ಬ ಗೊಣಗುವ ಮನುಷ್ಯ ಕಾಣಿಸಿದ. ಒಬ್ಬ ಗೊಣಗಿದರೆ ಯಾವ ಕಚೇರಿಯೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಪ್ಪತ್ತು ಮಂದಿ ಗೊಣಗಿದರೆ ಅದು ಜನಾಭಿಪ್ರಾಯ.

ಅವನ ಕಸುಬೇ ಸಾಫ್ಟ್‌ವೇರ್ ಪರೀಕ್ಷೆ. ಇಲ್ಲದ ಗ್ರಾಹಕರನ್ನು ಸೃಷ್ಟಿಸಿ, ಅವರಿಗೆ ಹೆಸರು, ವಯಸ್ಸು, ಕಾಯಿಲೆ ಕೊಟ್ಟು ಪ್ರೋಗ್ರಾಮಿನೊಳಗೆ ನುಗ್ಗಿಸಿ, ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುವುದು. ಹದಿನೈದು ವರ್ಷದಿಂದ ಕಂಪನಿಗೆ ಮಾಡಿದ್ದನ್ನು ಈಗ ತನಗಾಗಿ ಮಾಡಿಕೊಂಡರಾಯಿತು. ಯೋಚನೆ ಹೊಳೆದಾಗ ಅವನಿಗೆ ಎಂಆರ್‌ಟಿ ರೈಲಿನಲ್ಲಿ ನಿಂತಲ್ಲೇ ನಗು ಬಂತು.

ತೋಪಿನ ಬಲಕ್ಕೆ ಇಪ್ಪತ್ತನಾಲ್ಕು ಮಹಡಿಯ ಕಾಂಡೊ, ಅಂದರೆ ಖಾಸಗಿ ವಸತಿ ಕಟ್ಟಡ, ಇತ್ತು. ಬಾಲ್ಕನಿಯಲ್ಲಿ ನಿಂತು ಗೇಟಿನ ಕಡೆಯಿಂದ ಮನೆಗಳ ಸಾಲನ್ನು ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೇ ಸಾಲಿನ ಮನೆಗಳು ನೇರವಾಗಿ ತೋಪಿಗೆ ಮುಖ ಮಾಡಿದ್ದವು. ಹೊಸ ಕಟ್ಟಡ ಎದ್ದರೆ ನಿಜವಾಗಿ ನೊಂದುಕೊಳ್ಳುವವರು ಅವರೇ. ಎರಡನೇ ಮಹಡಿಯಿಂದ ಇಪ್ಪತ್ತನಾಲ್ಕರವರೆಗೆ, ಮಹಡಿಗೊಬ್ಬರಂತೆ, ಪ್ರತಿ ಮಹಡಿಯ ನಾಲ್ಕನೇ ನಂಬರಿನ ಮನೆಯಿಂದ ಇಪ್ಪತ್ತಮೂರು ಪತ್ರ. ತಾನಿರುವ ಸರ್ಕಾರಿ ಬ್ಲಾಕಿನಲ್ಲೂ ಮನೆಗಳ ಲೆಕ್ಕ ಹೀಗೇ ಅಲ್ಲವೇ?

ಮಂಗಳವಾರ, ಶುಕ್ರವಾರ ಹೆಂಡತಿ ವೇದಾವತಿ ಅದೇ ಕಾಂಡೊದ ಒಂದು ಮಗುವಿಗೆ ವೀಣೆ ಪಾಠ ಹೇಳಲು ಹೋಗುತ್ತಿದ್ದಳು. ಆ ಎರಡು ಗಂಟೆ ದ್ವಾರಕನಾಥನ ಕಾರ್ಖಾನೆ ತೆರೆಯುತ್ತಿತ್ತು. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಅವಳಿಗೆ ಒಂದಕ್ಷರವೂ ಹೇಳಲಿಲ್ಲ. ಬೆರಳ ಗುರುತು ಬೀಳದಂತೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಬರೆಯಲು ಕೂತರೆ ಏಳುವುದೇ ಬೇಡವೆನಿಸುತ್ತಿತ್ತು. ಆರನೇ ಮಹಡಿಯ ನಿವೃತ್ತ ಮೇಷ್ಟರು ಕಾನೂನಿನ ಕಲಮುಗಳನ್ನು ಉದ್ಧರಿಸಿದರು. ಹತ್ತೊಂಬತ್ತನೇ ಮಹಡಿಯವನು ಬರೀ ಹಕ್ಕಿಗಳ ಬಗ್ಗೆ ಬರೆದ. ಹನ್ನೆರಡನೇ ಮಹಡಿಯ ವಿಧವೆ ಮಿಸೆಸ್ ಲಿಮ್, ಗಂಡನ ಜೊತೆ ಕೂತು ನೋಡುತ್ತಿದ್ದ ನೀರು ಇನ್ನು ಕಾಣಿಸುವುದಿಲ್ಲವಲ್ಲ ಎಂದು ಬರೆದಾಗ ದ್ವಾರಕನಾಥನ ಕಣ್ಣೂ ಒದ್ದೆಯಾಯಿತು. ಸರ್ಕಾರ ಫ್ಲ್ಯಾಟ್ ಹಂಚುವಾಗ ಚೀನೀಯರು, ಮಲಯರು, ಭಾರತೀಯರು ಇಂತಿಷ್ಟು ಎಂದು ನೋಡುವಂತೆ ಅವನೂ ನೋಡಿ ಹೆಸರು ಹಂಚಿದ. ಯೋಜನಾ ಕಚೇರಿಯವರು ಕಂಡರೆ ಬೆನ್ನು ತಟ್ಟಬೇಕು, ಹಾಗಿತ್ತು.

ಅಂಚೆಗೆ ಹಾಕುವಾಗಲೂ ಅವನು ಮೈಮರೆಯಲಿಲ್ಲ. ಕೆಲವನ್ನು ಊರಿನ ಇನ್ನೊಂದು ತುದಿಯ ಬೂನ್ ಲೇಯಲ್ಲಿ, ಕೆಲವನ್ನು ಜುರಾಂಗ್ ವೆಸ್ಟ್‌ನಲ್ಲಿ, ಕೆಲವನ್ನು ತನ್ನ ಹೆಸರಿನ ಪತ್ರದ ಜೊತೆ ಮನೆ ಹತ್ತಿರವೇ ಹಾಕಿದ. ಎಲ್ಲರೂ ಒಂದೇ ಕಡೆ ಕೆಲಸಕ್ಕೆ ಹೋಗುತ್ತಾರೆಯೇ? ಕೊನೆಯ ಲಕೋಟೆ ಡಬ್ಬಿಯೊಳಗೆ ಬಿದ್ದ ಸದ್ದು ಕೇಳಿ ಅವನಿಗೆ ರಸ್ತೆಯಲ್ಲೇ ಕುಣಿಯುವಷ್ಟು ಖುಷಿಯಾಯಿತು. ಅಂದು ಇಡೀ ದಿನ ಸಿಳ್ಳೆ ಹಾಕುತ್ತ ಓಡಾಡಿದ.

ತಿಂಗಳ ನಂತರ ಒಂದು ಶನಿವಾರ ಬೆಳಿಗ್ಗೆ ಯೋಜನಾ ಕಚೇರಿಯ ಮಿಸ್ ಕೋ ಎಂಬ ಅಧಿಕಾರಿ ಬಂದಳು. ಆಕ್ಷೇಪಣೆ ಬರೆದವರನ್ನು ಮಾತಾಡಿಸುತ್ತಿದ್ದೇವೆ ಎಂದಳು. ದ್ವಾರಕನಾಥ ಹಿಗ್ಗಿ ಹೀರೇಕಾಯಿಯಾದ. ಕಚೇರಿ ನಡುಗಿದೆ, ಮನೆ ಬಾಗಿಲಿಗೇ ಬಂದಿದೆ! ಆಕೆಯನ್ನು ನೇರ ಬಾಲ್ಕನಿಗೆ ಕರೆದೊಯ್ದ. ಅವಳು ನೀರನ್ನು ನೋಡಿ ನಿಜಕ್ಕೂ ಚೆನ್ನಾಗಿದೆ ಎಂದಳು. ಈ ಸುತ್ತಮುತ್ತ ಬೇರೆ ಯಾರಿಗಾದರೂ ಬೇಸರವಾಗಿದೆಯೇ, ನಿಮಗೆ ಪರಿಚಯವೇ ಎಂದು ಕೇಳಿದಳು.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅಷ್ಟು ಚೆಂದದ ಮಿಸೆಸ್ ಲಿಮ್‌ಳನ್ನು ಹುಟ್ಟಿಸಿ ಯಾರಿಗೂ ಹೇಳದೆ ಇರುವುದು ಹೇಗೆ? ಕಾಂಡೊದ ಕಡೆ ಬೆರಳು ತೋರಿಸಿ, ಹನ್ನೆರಡನೇ ಮಹಡಿ, ನಾಲ್ಕನೇ ನಂಬರಿನ ಮಿಸೆಸ್ ಲಿಮ್ ತನಗೆ ಚೆನ್ನಾಗಿ ಗೊತ್ತು, ಮೊನ್ನೆ ಅವರ ಮನೆಯಲ್ಲೇ ಕೂತು ಚಹಾ ಕುಡಿದೆ, ಪಾಪ ತುಂಬ ಅತ್ತರು ಎಂದ. ಮಿಸ್ ಕೋ ಅದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡು, ಕೆಳಗೆ ಅವನ ಸಹಿಯನ್ನೂ ಹಾಕಿಸಿಕೊಂಡಳು.

ಆಮೇಲೆ ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದು ಕಾಫಿ ಟ್ರೇ ಪಕ್ಕದಲ್ಲಿಟ್ಟಳು. ಆಕ್ಷೇಪಣೆ ಬರೆದ ಇಪ್ಪತ್ತನಾಲ್ಕು ಮಂದಿಗೂ ಕಚೇರಿ ಉತ್ತರ ಕಳಿಸಿತ್ತಂತೆ. ತಲುಪಿದ್ದು ದ್ವಾರಕನಾಥನಿಗೆ ಮಾತ್ರ. ಮಿಕ್ಕ ಇಪ್ಪತ್ತಮೂರೂ ಅಂಚೆಯವರ ಮೊಹರು ಹೊತ್ತು ವಾಪಸು ಬಂದಿದ್ದವು. ಕಾಫಿ ತಂದಿದ್ದ ವೇದಾವತಿ ಮೇಲಿನ ಲಕೋಟೆಯ ವಿಳಾಸ ಓದಿ ನಕ್ಕುಬಿಟ್ಟಳು. “ಇದ್ಯಾರು ರೀ ಬರ್ದಿದ್ದು? ನಾಲ್ಕು ಅಂದ್ರೆ ಚೀನೀಯರಿಗೆ ಅಶುಭ ಅಂತ ಆ ಕಾಂಡೊ ಕಟ್ಟಿದವರು ಯಾವ ಮನೆಗೂ ಆ ನಂಬರ್ ಇಟ್ಟೇ ಇಲ್ಲ. ಮೂರಾದ್ಮೇಲೆ ಸೀದಾ ಐದು. ನಾನು ಹನ್ನೆರಡನೇ ಫ್ಲೋರಲ್ಲಿ ಪಾಠ ಮಾಡೋದು ಆ ಐದರಲ್ಲೇ.”