ಪಡಿಯಚ್ಚಿನ ಮನೆ

“ಇನ್ನ ಏನ ಉಳದೈತಿ ನಮ್ಮನ್ಯಾಗ?”

ತಾರಸಿಯ ಮೇಲೆ ಒದ್ದೆ ಸೀರೆ ಹಿಂಡುತ್ತ ವಿದ್ಯಾವತಿ ಕೇಳಿದಳು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಎದುರಿಗಿದ್ದದ್ದು ಪಕ್ಕದ ಮನೆಯೊಂದೇ. ನಿನ್ನೆ ಸಂಜೆಯವರೆಗೆ ಬರೀ ಸಿಮೆಂಟಿನ ಬೂದಿ ಬಣ್ಣದ್ದು, ಇವತ್ತು ಪಿಸ್ತಾ ಹಸಿರು. ತಮ್ಮ ಮನೆಗಿದ್ದ ಅದೇ ಹಸಿರು. ಕಿಟಕಿಯ ಸುತ್ತ ಎಳೆದ ಕೆಂಪು ಪಟ್ಟಿಯೂ ಅದೇ.

ಸೊಲ್ಲಾಪುರ ರಸ್ತೆಯಿಂದ ಒಳಗೆ ಸರಿದ ಆ ಓಣಿಯಲ್ಲಿ, ಇವರ ಪಕ್ಕದ ಜಾಗದಲ್ಲಿ ವೆಲ್ಡಿಂಗಿನ ಸಂಗು ಮನೆ ಕಟ್ಟಿಸತೊಡಗಿದಾಗಿನಿಂದ ಇದೇ ಕಥೆ. ಮೊದಲು ಬಾಗಿಲ ಮುಂದೆ ಇವರಲ್ಲಿದ್ದಂಥವೇ ಅರ್ಧಚಂದ್ರದ ಮೆಟ್ಟಿಲು ಬಂದವು. ಆಮೇಲೆ ಕಮಲದ ಗ್ರಿಲ್. ಅದನ್ನಂತೂ ರಸ್ತೆಯ ಮೇಲಿನ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಒಂದೊಂದು ಎಸಳನ್ನೂ ಬಾಗಿಸಿ ಅವನೇ ಮಾಡಿದ. ಹೋದ ವಾರ ಊರಿಂದ ಬಂದ ದೊಡ್ಡಪ್ಪ ಮೆಟ್ಟಿಲು, ಗ್ರಿಲ್ ಕಂಡು ತಮ್ಮನ ಮನೆಯೆಂದೇ ತಿಳಿದು ನೇರ ಅಲ್ಲಿಗೇ ಹೋಗಿ, ಸಿಮೆಂಟ್ ಚೀಲದ ಮೇಲೆ ಕೂತು, “ವಿದ್ಯಾ, ನೀರ ತೊಗೊಂಡ ಬಾರವಾ” ಎಂದು ಕೂಗಿದ್ದರು.

ಎದುರು ಮನೆಯ ಸಬೀರಾಗೆ ಇದೊಂದು ಮಜಾ. “ನಾಳಿ ನೀ ಹುಬ್ಬ ತಿದ್ದಿಸಿಕೊಂಡ್ರ ಅಂವಾನೂ ತಿದ್ದಿಸಿಕೋತಾನ, ನೋಡ್ತಿರು.”

ವಿದ್ಯಾವತಿಗೆ ನಗಲಾಗಲಿಲ್ಲ. ಮೊನ್ನೆಯಷ್ಟೇ ಸಂಗುವಿನ ತಾಯಿ ನೀಲಾಬಾಯಿ ತಿಕೋಟಾದಿಂದ ಒಣದ್ರಾಕ್ಷಿಯ ಡಬ್ಬಿ ಹಿಡಿದು ಬಂದು, ಮಗನಿಗೆ ಇವಳನ್ನು ಕೇಳಿ, ಉತ್ತರಕ್ಕೆಂದು ಮಗನ ಬಳಿಯೇ ಉಳಿದಿದ್ದರು. ಅಪ್ಪ ಗುರುಪಾದಯ್ಯ ಹೆಚ್ಚು ಮಾತಾಡಿರಲಿಲ್ಲ. “ಮಗಳ ಮನಸ್ಸು ಕೇಳಿ ಸೋಮವಾರ ಹೇಳ್ತೀವ್ರಿ” ಅಂದಿದ್ದರು. ಸೋಮವಾರವೆಂದರೆ ನಾಳೆ.

ಸಂಗು ಇಷ್ಟವಿಲ್ಲವೆಂದಲ್ಲ. ಮುಂಜಾನೆ ಬಬಲೇಶ್ವರದ ಬಸ್ಸಿಗೆಂದು ಅವಳು ಅಂಗಡಿಯ ಮುಂದೆ ಹಾಯ್ದರೆ ಕಿಡಿ ಹಾರುವುದು ನಿಲ್ಲುತ್ತಿತ್ತು. ಮುಖದ ಮೇಲಿನ ಕಪ್ಪು ಗಾಜು ಮೆಲ್ಲಗೆ ಮೇಲೇಳುತ್ತಿತ್ತು. ಬೆಂಕಿಯನ್ನು ನೋಡಿ ನೋಡಿ ಕೆಂಪಾದ ಎರಡು ಕಣ್ಣು ಅವಳನ್ನು ಕಂಡು ತಂಪಾಗುತ್ತಿದ್ದವು. ಅವಳು ತಿರುಗಿ ನೋಡುತ್ತಿರಲಿಲ್ಲ. ಆದರೂ ಬಬಲೇಶ್ವರದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆಂದು ರಕ್ತದ ಸ್ಲೈಡ್ ಇಟ್ಟು ಕೂತಾಗಲೂ ಆ ನೋಟ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು.

ಆದರೆ ತನ್ನದೆಂಬುದು ಒಂದೂ ಇಲ್ಲದವನ ಕೈ ಹಿಡಿದರೆ ಕನ್ನಡಿಯ ಜೊತೆ ಸಂಸಾರ ಮಾಡಿದಂತಲ್ಲವೇ? ಈ ಯೋಚನೆಗೆ ಅವಳಿಗೆ ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಎನಿಸುತ್ತಿತ್ತು. ಕಡೆಗೆ, ಬಂದ ಡಬ್ಬಿಯನ್ನು ಬರಿದೆ ಮರಳಿಸಬಾರದೆಂಬ ನೆಪ ಹೂಡಿ, ಅದರ ತುಂಬ ಶೇಂಗಾ ಹೋಳಿಗೆ ಇಟ್ಟುಕೊಂಡು ಅವಳು ಆ ಮನೆಗೆ ನಡೆದಳು.

ಸಂಗು ನೆಲಕ್ಕೆ ಬಿದ್ದ ಬಣ್ಣ ಒರೆಸುತ್ತಿದ್ದ. ಅವಳನ್ನು ಕಂಡದ್ದೇ ಎದ್ದು, ಕೈಯನ್ನು ಅಂಗಿಗೆ ಒರೆಸಿ, ಅಂಗಿಯೂ ಹೊಲಸೆಂದು ಗೊತ್ತಾಗಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

“ಬರ್ರಿ. ಅವ್ವ ಇಲ್ರಿ.”

“ಗೊತ್ತೈತ್ರಿ. ಸಿದ್ಧೇಶ್ವರ ಗುಡಿಗೆ ಹೋಗೂದ ನೋಡೀನಿ.”

ಅಂದ ಮೇಲೆ ಅವಳ ಕಿವಿ ಬಿಸಿಯಾದವು. ತಪ್ಪಿಸಿಕೊಳ್ಳಲು ಅಡುಗೆಮನೆಗೆ ಹೊಕ್ಕರೆ, ಅಲ್ಲಿ ಗೋಡೆಯಲ್ಲಿ ಅಂಗೈಯಗಲದ ಕಿಂಡಿ. ತಮ್ಮ ಮನೆಯದೇ.

“ಇದ್ಯಾಕ್ರಿ?”

“ನಿಮ್ಮಲ್ಲೆ ಐತೆಲ್ರಿ. ಗ್ವಾಡಿ ಕಟ್ಟೂ ಗೌಂಡಿ ದಶರಥ ನೋಡಿ ಬಂದು ಹೇಳಿದ.”

“ನಮ್ಮಲ್ಲೆ ಅತ್ಲಾಗ ದೇವರ ಖೋಲಿ. ಸಂಜೀಕ ಅಪ್ಪ ವಚನ ಹೇಳೂದು ಅವ್ವಗ ರೊಟ್ಟಿ ಬಡಿಯೂಮುಂದ ಕೇಳಲಿ ಅಂತ ಕೊರಿಸ್ಯಾರ. ನಿಮ್ಮಲ್ಲೆ ಅತ್ಲಾಗ ಏನೈತಿ?”

ಸಂಗು ಕಿಂಡಿ ನೋಡಿದ, ನೆಲ ನೋಡಿದ. “ಬಚ್ಚಲ ಐತ್ರಿ.”

ಸಬೀರಾಳ ಮಾತಿಗೂ ಬಾರದಿದ್ದ ನಗು ಈಗ ತಡೆಯಲಾಗಲಿಲ್ಲ. ಅವಳು ಸೆರಗು ಬಾಯಿಗೊತ್ತಿಕೊಂಡಳು. ಅವನೂ ತಲೆ ಕೆರೆದುಕೊಂಡು ನಕ್ಕ.

“ಓಣಿ ಮಂದಿ ಆಡಿಕೊಳ್ಳಾಕತ್ತಾರ. ಯಾಕ ಬೇಕಿತ್ರಿ ಇದೆಲ್ಲ?”

ಅವನು ಅಂಗೈಗಂಟಿದ ಬಣ್ಣ ಉಜ್ಜಿಕೊಂಡ. “ನಮ್ಮವ್ವ ಲಗ್ನಾಗಿ ತಿಕೋಟಾಕ್ಕ ಬಂದಾಗ, ಕತ್ತಲದಾಗ ಚಿಮಣಿ ದೀಪ ಎಲ್ಲೈತಿ, ನೀರ ಎಲ್ಲೈತಿ ತಿಳೀದ ಅಳತಿದ್ಳಂತ್ರಿ. ಕೇಳಾಕ ಅಂಜಿಕಿ. ನೀವ ಬಂದ್ರ ಹಂಗ ಆಗಬಾರ್ದು. ನಿದ್ದಿಗಣ್ಣಾಗ ಕೈ ಚಾಚಿದ್ರೂ ಸ್ವಿಚ್ ಸಿಗಬೇಕು. ಅಷ್ಟರಿ.”

ಅವಳು ಅವನ ಮುಖ ನೋಡುತ್ತಲೇ ಗೋಡೆಯತ್ತ ಕೈ ಚಾಚಿದಳು. ಬೆರಳಿಗೆ ಸ್ವಿಚ್ಚು ಸಿಕ್ಕಿತು. ದೀಪ ಹತ್ತಿತು. ಕನ್ನಡಿ ಎಂದುಕೊಂಡದ್ದರ ಹಿಂದೆ ಒಬ್ಬ ಮನುಷ್ಯ ನಿಂತಿದ್ದ, ಇನ್ನೂ ಅಳದ ಅವಳ ಅಳುವನ್ನು ಒರೆಸುತ್ತ.

“ಆದ್ರ,” ಅವಳ ದನಿ ಮೆತ್ತಗಾಗಿತ್ತು, “ಒಂದ ಮನಿ ಬಿಟ್ಟು ಮತ್ತ ಅದ ಮನಿಗೆ ಬಂದ್ರ ಲಗ್ನ ಆಧಂಗ ಹೆಂಗ್ರಿ? ನನಗ ನಿಮ್ಮ ಮನಿ ನೋಡೂದೈತಿ.”

“ಮ್ಯಾಲ ಒಂದ ಖೋಲಿ ಐತ್ರಿ. ಬರೇ ಗ್ವಾಡಿ. ನಿಮ್ಮಲ್ಲೆ ಮ್ಯಾಲ ಖೋಲಿ ಇಲ್ಲಲ್ರಿ, ಏನ ಮಾಡಬೇಕ ತಿಳೀಲಿಲ್ಲ.”

ಇಬ್ಬರೂ ಮೇಲೆ ಹತ್ತಿದರು. ಸಿಮೆಂಟಿನ ಗಿಲಾವು ಕಾಣದ ಇಟ್ಟಿಗೆ, ಚೌಕಟ್ಟಿಲ್ಲದ ಕಿಟಕಿ, ಒಳಗೆಲ್ಲ ಗಾಳಿ. ವಿದ್ಯಾವತಿ ಆ ಬರಿಗೋಡೆಗೆ ಅಂಗೈ ಊರಿದಳು. ಯಾರದೂ ಅಲ್ಲದ, ಇನ್ನೂ ಏನೂ ಆಗದ ಗೋಡೆ.

“ನಾಳಿ ಅಪ್ಪ ಹೂಂ ಅಂತಾರ.”

ಸಂಗು ತಟ್ಟನೆ ಅವಳತ್ತ ತಿರುಗಿದ. “ಅವರು ನಾಳಿ ಅಂತಾರ. ನೀವು?”

“ನಾ ಈಗ ಅಂದ್ನೆಲ್ಲ.”

ನಿಂತಲ್ಲಿ ನಿಲ್ಲಲಾರದೆ ಅವನು ಈ ಗೋಡೆಯಿಂದ ಆ ಗೋಡೆಗೆ ಹೋದ, ತಿರುಗಿ ಬಂದ. “ಹಂಗಾದ್ರ ನಾಳಿಂದನ ಕೆಲಸ ಸುರು ಮಾಡಿಸ್ತೀನಿ. ಈ ಖೋಲಿ ಹೆಂಗ ಮಾಡ್ಲಿ, ಅಷ್ಟ ಹೇಳಿ ಹೋಗ್ರಿ. ನೀವ ಹೇಳಿಧಂಗ ಮಾಡ್ತೀನಿ.”

ಅವಳು ಮೊದಲ ಸಲ ಆ ಕೆಂಪು ಕಣ್ಣುಗಳನ್ನು ನೇರ ನೋಡಿದಳು, ನೋಡುತ್ತಲೇ ಇದ್ದಳು.

“ಒಂದ ಮಾತರೇ ಹೇಳ್ರಿ.”

“ಹೇಳೂದಿಲ್ಲ.”