ಗಂಡನ ಒಪ್ಪಿಗೆ

1963ರ ಜುಲೈ ಒಂಬತ್ತರ ಬೆಳಿಗ್ಗೆ ಕಡರನಾಯಕನಹಳ್ಳಿಯ ಬೊಮ್ಮಣ್ಣ ಹರಿಹರ ಠಾಣೆಗೆ ಬಂದು, ತನ್ನ ಹೆಂಡತಿ ಹೊನ್ನಕ್ಕನನ್ನು ಸೂಲಗಿತ್ತಿ ಕೊಟ್ರವ್ವ ಬಸಿರು ತೆಗೆಯಲು ಹೋಗಿ ಕೊಂದಳೆಂದು ಫಿರ್ಯಾದಿ ಕೊಟ್ಟ. ಸಬ್ ಇನ್ಸ್‌ಪೆಕ್ಟರ್ ಮೈಲಾರಲಿಂಗಪ್ಪ ಎಫ್.ಐ.ಆರ್. ದಾಖಲಿಸಿ, ಪೇದೆ ಬುಡನ್ ಸಾಬನೊಂದಿಗೆ ಹೊರಟರು.

ಹೆಣ ಪಡಸಾಲೆಯಲ್ಲಿತ್ತು. ಎಳೆಯ ಹೆಂಗಸು, ಮುಖ ರಕ್ತವಿಲ್ಲದೆ ಬಿಳಿಚಿಕೊಂಡಿತ್ತು. ಮಗ್ಗುಲಲ್ಲಿ ಬೊಮ್ಮಣ್ಣನ ತಾಯಿ ಹಂಪವ್ವ ಕೂತಿದ್ದಳು. ಪಂಚನಾಮೆ ಮುಗಿಯುವವರೆಗೂ ಆಕೆ ಸೊಸೆಯ ಮೈಮೇಲಿಂದ ಕೈ ತೆಗೆಯಲಿಲ್ಲ. ಶವಪರೀಕ್ಷೆಗೆ ಒಯ್ಯಲು ಗಾಡಿ ಹೂಡಿಸಿದರು.

ಕೊಟ್ರವ್ವ ಎಲ್ಲಿಗೂ ಓಡಿರಲಿಲ್ಲ. ತನ್ನ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಹೊನ್ನಕ್ಕನ ಬಸಿರಿಗೆ ನೀನು ಕೈ ಹಾಕಿದ್ದೆಯಾ?" ಮೈಲಾರಲಿಂಗಪ್ಪ ಕೇಳಿದರು.

"ಇಲ್ರಿ. ಕೇಳಾಕ ಬಂದಿದ್ಳು. ನಾಕು ಹೆಜ್ಜಿ ನಡೆದ್ರೆ ಉಸಿರು ಹತ್ತೋ ಹೆಂಗ್ಸು. ನನ್ ಕೈಲಿ ಆಗಲ್ಲ, ದಾವಣಗೆರಿಗೆ ಹೋಗು ಅಂದೆ."

"ನಿನ್ನೆ ಎಲ್ಲಿದ್ದೆ?"

"ಹರಿಹರದಾಗ. ಜಮಾಲ್ ಸಾಬರ ಮಗಳ ಹೆರಿಗಿ ಇತ್ತು."

ಬುಡನ್ ಸಾಬ್ ಹೋಗಿ ವಿಚಾರಿಸಿದ. ಮಾತು ನಿಜವಾಗಿತ್ತು.

ಮರುದಿನ ಶವಪರೀಕ್ಷೆಯ ವರದಿ ಬಂತು: ಗರ್ಭಕೋಶಕ್ಕೆ ಗಾಯ, ರಕ್ತಸ್ರಾವ. ಮೈಲಾರಲಿಂಗಪ್ಪ ದಾವಣಗೆರೆಯಲ್ಲಿ ವಿಚಾರಿಸುತ್ತ, ಮಂಡಿಪೇಟೆಯ ಹಿಂದೆ ಚಿಕ್ಕ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ನಿರ್ಮಲಮ್ಮನವರಲ್ಲಿಗೆ ಬಂದರು.

"ಬಂದಿದ್ಲು. ಹೃದಯ ಕೆಟ್ಟಿತ್ತು. ಈ ಹೆರಿಗೆ ದಾಟಲ್ಲ ಅಂತ ನಾನೇ ಹೇಳಿದೆ."

"ಜೀವ ಉಳಿಸೋಕೆ ಬಸಿರು ತೆಗೆದ್ರೆ ಕಾನೂನು ತಡೆಯಲ್ಲ, ಅಲ್ವಾ?"

"ತಡೆಯಲ್ಲ."

"ಮತ್ತೆ?"

"ಗಂಡನ್ನ ಕರೆಸಿದೆ. ಈ ಸಲ ಗಂಡು ಇರಬಹುದು, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲ್ಲ ಅಂದ. ನಾಳೆ ನನ್ನ ಮೇಲೇ ಕೇಸು ಹಾಕ್ತಾನೆ ಅಂತ ಹೆದರಿದೆ."

"ಗಂಡನ ಒಪ್ಪಿಗೆ ಬೇಕು ಅಂತ ಕಾನೂನಲ್ಲಿ ಐತಾ?"

"ಇಲ್ಲ. ನಮ್ಮಲ್ಲಿ ರೂಢಿ." ಆಕೆ ಮುಖ ತಿರುಗಿಸಿದರು. "ತಾನೇ ಒತ್ತುತ್ತೀನಿ ಅಂದ್ಲು ಹೊನ್ನಕ್ಕ. ನಾನೇ ಬೇಡ ಅಂದೆ."

"ಅವತ್ತು ಜೊತೆಗೆ ಯಾರಿದ್ರು?"

"ಅವಳ ಅತ್ತೆ. ಮುದುಕಿ ನನ್ನ ಕಾಲು ಹಿಡಿದಳು."

ಮೈಲಾರಲಿಂಗಪ್ಪ ಬಸ್ಸು ಹಿಡಿದು ಮತ್ತೆ ಕಡರನಾಯಕನಹಳ್ಳಿಗೆ ಬಂದರು.

ಹಂಪವ್ವನನ್ನು ಹೆಚ್ಚು ಕೇಳಬೇಕಾಗಲಿಲ್ಲ. ಹಿತ್ತಿಲಲ್ಲಿ ಹೂತಿದ್ದ ರಕ್ತದ ಬಟ್ಟೆಗಳನ್ನು ಆಕೆಯೇ ತೋರಿಸಿದಳು. ಪಂಚರೆದುರು ವಶಪಡಿಸಿಕೊಂಡರು.

"ಅವ್ಳು ನನ್ ತಮ್ಮನ ಮಗಳು ಸಾಹೇಬ್ರ. ತಾಯಿ ಇಲ್ದ ಕೂಸು, ನಾನೇ ಸಾಕಿ ಮಗನಿಗೆ ತಂದ್ಕಂಡೆ. ಡಾಕ್ಟ್ರು ಒಲ್ಲೆ ಅಂದ್ರು, ಕೊಟ್ರವ್ವ ಒಲ್ಲೆ ಅಂದ್ಳು. ಅತ್ತಿ, ಸುಮ್ಕಿದ್ರೂ ಸಾಯ್ತೀನಿ, ನೀನಾರ ಮಾಡು ಅಂತ ಅತ್ಳು. ಗೊತ್ತಿಲ್ಲದ ಕೆಲ್ಸ. ಮಾಡ್ದೆ."

ಬಾಗಿಲಲ್ಲಿ ನಿಂತಿದ್ದ ಬೊಮ್ಮಣ್ಣ ಕುಸಿದು ಕೂತ. "ಫಿರ್ಯಾದಿ ವಾಪಸ್ ತಗಂತೀನ್ರಿ."

"ಆಗಲ್ಲ. ಈಗ ಅದು ಸರ್ಕಾರದ ಕೇಸು."

ಬಸಿರು ತೆಗೆಯಲು ಹೋಗಿ ಸಾವಿಗೆ ಕಾರಣಳಾದಳೆಂದು ಕಲಂ 314ರಡಿ ಹಂಪವ್ವನನ್ನು ದಸ್ತಗಿರಿ ಮಾಡಿದರು. ಬೊಮ್ಮಣ್ಣನ ಮೇಲೆ ಹಾಕಲು ಯಾವ ಕಲಮೂ ಇರಲಿಲ್ಲ, ನಿರ್ಮಲಮ್ಮನವರ ಮೇಲೂ ಇರಲಿಲ್ಲ.

ಹರಿಹರದ ದಾರಿಯಲ್ಲಿ ಮುದುಕಿ ಬಾಯಿ ಬಿಟ್ಟಳು.

"ಸಾಹೇಬ್ರ, ನಾ ಸುಮ್ಕಿದ್ದಿದ್ರ ಉಳೀತಿದ್ಳೇನ್ರಿ?"

"ಇಲ್ಲ," ಅಂದರು ಮೈಲಾರಲಿಂಗಪ್ಪ.

"ಮತ್ತ, ನಾ ಏನ್ ಮಾಡ್ಬೇಕಿತ್ತು?"

ಗಾಡಿ ಠಾಣೆಯ ಮುಂದೆ ನಿಂತಿತು. ಮೈಲಾರಲಿಂಗಪ್ಪ ಇಳಿದು, ಆಕೆ ಇಳಿಯಲು ಕೈ ಕೊಟ್ಟರು.