ಬೆಕ್ಕು ದಾಟಿದ ಸೇತುವೆ

"ಏನ್ರೀ, ಹೊಸ ಕನ್ನಡಕ ಹಾಕ್ಕೊಂಡೂ ನನ್ನ ಮುಖ ನೋಡ್ತಿಲ್ಲ? ನಂಬರ್ ಬದಲಾಯ್ತಾ?"

ಕನ್ನಡಕದ ಅಂಗಡಿಯವಳು ತನ್ನ ಮನೆಯ ಅಡುಗೆಮನೆಯಲ್ಲಿ ಟೀ ಲೋಟ ಮುಂದಿಟ್ಟು, ಅವನ ಮೂಗಿನ ಮೇಲೆ ಜಾರಿದ್ದ ಕನ್ನಡಕವನ್ನು ಬೆರಳ ತುದಿಯಿಂದ ಮೆಲ್ಲಗೆ ಮೇಲಕ್ಕೆ ತಳ್ಳಿದಳು. ಬೇರೆ ದಿನವಾಗಿದ್ದರೆ ಆ ಒಂದು ಬೆರಳಿಗೇ ಬೇಕರಿಯ ಕೇಕಿನವನು ವಾರವಿಡೀ ತೇಲಾಡುತ್ತಿದ್ದ. ಇವತ್ತು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬೆಚ್ಚಿಬಿದ್ದ.

ತಿಂಗಳುಗಟ್ಟಲೆ ಕಾಯಿಸಿ, ಹೋದ ವಾರವಷ್ಟೇ ಅವಳು ಮದುವೆಗೆ "ಹೂಂ" ಅಂದಿದ್ದಳು. ಆ ಹೂಂ ಬಂದದ್ದು ಒಂದು ಪೇಪರ್ ಸೇತುವೆಯಿಂದ.

ಅವಳ ಮಗಳು ಎಲ್ಲದಕ್ಕೂ ಯಾಕೆ ಯಾಕೆ ಅಂತ ಪ್ರಾಣ ತಿನ್ನೋಳು. ಮನೆಯಲ್ಲಿ ಅವಳ ಹೆಸರೇ ಯಾಕಮ್ಮ. ಹಳೇ ನ್ಯೂಸ್‌ಪೇಪರ್ ಸುರುಳಿ ಸುತ್ತಿ, ಎರಡು ಕುರ್ಚಿಗಳ ನಡುವೆ ಸೇತುವೆ ಕಟ್ಟುತ್ತಿದ್ದಳು. ಮನೆಯ ದಡೂತಿ ಬೆಕ್ಕು ಅದನ್ನು ದಾಟಬೇಕು, ಅದೇ ಪರೀಕ್ಷೆ. ಬೆಕ್ಕು ಕಾಲಿಟ್ಟಾಗಲೆಲ್ಲ ಸೇತುವೆ ಮಧ್ಯದಲ್ಲಿ ಕುಸಿಯುತ್ತಿತ್ತು. ಅಮ್ಮನದು ಒಂದೇ ಮಾತು: "ಬಿದ್ರೆ ಬೀಳಲಿ, ಯಾರೂ ಕೈ ಹಾಕಬೇಡಿ. ಯಾಕೆ ಬಿತ್ತು ಅಂತ ಅವಳೇ ಕಂಡುಹಿಡೀಲಿ."

ಆದರೆ ಕೇಕಿನವನ ಕಸುಬೇ ಬೇರೆ. ಮೂರಂತಸ್ತಿನ ಕೇಕ್ ನಿಲ್ಲೋದೇ ಒಳಗೆ ಅಡಗಿಸಿಟ್ಟ ಮರದ ಕಡ್ಡಿಗಳಿಂದ. ಹೋದ ವಾರ ಅಮ್ಮ ಮಗಳು ಅಂಟು ತರಲು ಅಂಗಡಿಗೆ ಹೋದಾಗ, ಆ ಮಗುವಿನ ಸಪ್ಪೆ ಮುಖ ನೆನೆದು ತಡೆಯಲಾರದೆ, ತನ್ನ ಚೀಲದಲ್ಲಿದ್ದ ಎರಡು ಕಡ್ಡಿಗಳನ್ನು ಸುರುಳಿಯೊಳಗೆ ತೂರಿಸಿಬಿಟ್ಟ. ಬೆಕ್ಕು ಮಹಾರಾಣಿಯ ಹಾಗೆ ಆಚೆ ದಾಟಿತು. ಯಾಕಮ್ಮ ಕುಣಿದಾಡಿ ಅವನ ಕೊರಳಿಗೇ ಜೋತುಬಿದ್ದಳು. ಅದನ್ನು ನೋಡಿ ಅವಳಮ್ಮನ ಕಣ್ಣು ತುಂಬಿತು. ಹೊರಡುವಾಗ ಬಾಗಿಲ ತನಕ ಬಂದು, ಚಪ್ಪಲಿ ನೋಡುತ್ತಾ, ಹೂಂ ಅಂದಿದ್ದಳು.

ಈಗ ಹಾಲ್‌ನಲ್ಲಿ ಬಿಕ್ಕುವ ಸದ್ದು. ಇಬ್ಬರೂ ಎದ್ದು ಹೋದರು. ಸ್ಕೂಲಲ್ಲಿ ತೋರಿಸಲೆಂದು ಯಾಕಮ್ಮ ಕಟ್ಟಿದ್ದ ಎರಡನೇ ಸೇತುವೆ ನೆಲಕ್ಕೆ ಬಿದ್ದಿತ್ತು.

"ಅದೇ ಅಳತೆ, ಅಷ್ಟೇ ಸುರುಳಿ. ಆದ್ರೂ ಬೀಳ್ತಾನೇ ಇದೆ. ನಂಗೆ ಲೆಕ್ಕ ತಲೆಗೆ ಹತ್ತಲ್ಲಮ್ಮ. ನಾನಿನ್ನೇನೂ ಕಟ್ಟಲ್ಲ." ಸ್ಕೇಲನ್ನು ಸೋಫಾ ಕೆಳಗೆ ಎಸೆದಳು.

ಕೇಕಿನವನು ಬಗ್ಗಿ, ಬಿದ್ದ ಸುರುಳಿಯೊಂದನ್ನು ಎತ್ತಿಕೊಂಡ. ಹೇಳಿದರೆ ಆ ಹೂಂ ಕೈತಪ್ಪುತ್ತೆ. ಹೇಳದಿದ್ದರೆ ಈ ಮಗು ಯಾಕೆ ಅಂತ ಕೇಳೋದನ್ನೇ ಬಿಟ್ಟುಬಿಡುತ್ತೆ. ಥೂ, ಎಂಥ ಕೆಲಸ ಮಾಡಿಟ್ಟೆ!

ಮೊದಲ ಸೇತುವೆಯನ್ನು ತಂದು, ಅವರ ಕಣ್ಣೆದುರೇ ಸುರುಳಿ ಬಿಚ್ಚಿ, ಕಡ್ಡಿಗಳನ್ನು ಎಳೆದು ಟೇಬಲ್ ಮೇಲಿಟ್ಟ.

"ನಿನ್ನ ಲೆಕ್ಕ ತಪ್ಪಿಲ್ಲ ಕಣಮ್ಮ. ತಪ್ಪು ನಂದು. ಈ ಕಡ್ಡಿ ನಾನೇ ಕದ್ದುಮುಚ್ಚಿ ಇಟ್ಟೆ."

ಯಾಕಮ್ಮ ಕಡ್ಡಿ ನೋಡಿದಳು, ಅವನನ್ನು ನೋಡಿದಳು. "ಹಾಗಾದ್ರೆ ಬೆಕ್ಕು ದಾಟಿದ್ದು ನನ್ನ ಸೇತುವೇನಲ್ಲ. ನಿಮ್ಮದು."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವನು ತಲೆ ತಗ್ಗಿಸಿದ.

"ನನ್ನ ಹೂಂ ಕೂಡ ಆ ಕಡ್ಡಿ ಮೇಲೇ ನಿಂತಿತ್ತಲ್ರೀ," ಅಂದಳು ಅಮ್ಮ ಮೆಲ್ಲಗೆ.

"ಅದಕ್ಕೇ ವಾಪಸ್ ತಗೊಳ್ಳಿ. ಮೋಸದಿಂದ ಸಿಕ್ಕಿದ್ದು ನಂಗೆ ದಕ್ಕಲ್ಲ." ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನಡೆದ.

"ಎಲ್ಲಿಗೆ?" ಹಿಂದಿನಿಂದ ಯಾಕಮ್ಮನ ಗದರಿಕೆ. "ನನ್ನ ಪೇಪರೆಲ್ಲ ಹಾಳು ಮಾಡಿದ್ದೀರ. ಕೂತ್ಕೊಂಡು ಸುರುಳಿ ಸುತ್ತಿಕೊಡಿ. ಚೀಲ ಆಚೆ ಇಡಿ! ಕೈ ತೋರಿಸಿ!"

ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ. ನೆಲದ ಮೇಲೆ ಕೂತು ಪೇಪರ್ ಸುತ್ತತೊಡಗಿದ. ಸ್ವಲ್ಪ ಹೊತ್ತಿಗೆ ಅಮ್ಮನೂ ಬಂದು ಎದುರಿಗೆ ಕೂತಳು. ಯಾಕಮ್ಮ ಸೋಫಾ ಕೆಳಗೆ ತೂರಿ ಸ್ಕೇಲ್ ಹುಡುಕಿ ತಂದಳು.

ಸಂಜೆ ಬೆಕ್ಕು ಕಾಲಿಟ್ಟಿತು. ಸೇತುವೆ ದೊಪ್ಪನೆ ಬಿತ್ತು. ಕೇಕಿನವನ ಕೈ ತಾನಾಗಿ ಮುಂದೆ ಹೋಯಿತು. ಅಮ್ಮ ಅದನ್ನು ಹಿಡಿದು ನಿಲ್ಲಿಸಿದಳು.

"ಯಾಕೆ ಬಿತ್ತು?" ಯಾಕಮ್ಮ ಆಗಲೇ ಮೊಣಕಾಲೂರಿ ಬಗ್ಗಿದ್ದಳು. "ಓ! ಮಧ್ಯದಲ್ಲಿ ಕೆಳಗಿಂದ ಒಂದು ಕಂಬ ಕೊಡಬೇಕು!"

ಅವನಿಗೆ ಅಳು ಬಂತು. ಅವಳು ಹಿಡಿದ ಕೈ ಬಿಟ್ಟಿರಲಿಲ್ಲ.

"ಹೋದ ವಾರದ ಹೂಂ ವಾಪಸ್ ತಗೊಂಡೆ," ಅಂದಳು, ಮಗಳಿಗೆ ಕೇಳಿಸದ ಹಾಗೆ. "ಈಗ ಇನ್ನೊಂದ್ಸಲ ಕೇಳ್ರೀ."